ಲೋಕಲ್ ರೈಲಿನ ಬಾಗಿಲು ಯಾರ ಕಣ್ಣಿಗೆ ಬೀಳುತ್ತೆ?

ರೈಲು ಹುಚ್ಚಿನವರಿಗೆ ಎರಡೇ ಹಬ್ಬ. ಹೊಸ ರೇಕ್ ಮೊದಲ ಸಲ ಓಡುವ ದಿನ ಒಂದು, ಹಳೇ ರೇಕ್ ಕೊನೇ ಸಲ ಶೆಡ್ಡಿಗೆ ಹೋಗುವ ದಿನ ಇನ್ನೊಂದು. ಎರಡಕ್ಕೂ ಚೆಂಡುಹೂವಿನ ಹಾರ, ಎರಡಕ್ಕೂ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕ್ಯಾಮೆರಾಗಳ ಸಾಲು. ಇವೆರಡರ ನಡುವೆ ಆ ರೈಲು ಇಪ್ಪತ್ತು, ಇಪ್ಪತ್ತೈದು ವರ್ಷ ದಿನಾ ಬೆಳಗ್ಗೆ ಜನರನ್ನ ಕೆಲಸಕ್ಕೆ ಹೊತ್ತು, ಸಂಜೆ ಮನೆಗೆ ಬಿಟ್ಟಿರುತ್ತೆ. ಅದಕ್ಕೆ ಹಾರವೂ ಇಲ್ಲ, ವಿಡಿಯೋನೂ ಇಲ್ಲ.

ಜಪಾನಿನವರು ಈ ಹುಚ್ಚನ್ನ ಜಾತಿವಾರು ವಿಂಗಡಿಸಿ ಹೆಸರಿಟ್ಟಿದ್ದಾರೆ. ರೈಲು ಹತ್ತಿ ಸುತ್ತೋನು 'ನೊರಿತೆತ್ಸು', ಫೋಟೋ ಹೊಡೆಯೋನು 'ತೊರಿತೆತ್ಸು'. ನಿವೃತ್ತಿಯಾಗೋ ರೈಲಿನ ಕೊನೇ ಓಟಕ್ಕೆ ಮಾತ್ರ ತಪ್ಪದೆ ಹಾಜರಾಗೋನು 'ಸೋಶಿಕಿತೆತ್ಸು'. ಸೋಶಿಕಿ ಅಂದ್ರೆ ಅಂತ್ಯಕ್ರಿಯೆ. ಬದುಕಿದ್ದಾಗ ಒಂದು ದಿನವೂ ಮನೆಗೆ ಬರದ ನೆಂಟ ತಿಥಿ ಊಟಕ್ಕೆ ಮೊದಲ ಪಂಕ್ತೀಲಿ ಕೂತ ಹಾಗೆ.

ಗೇಲಿ ಮಾಡೋದು ನನ್ನ ಉದ್ದೇಶ ಅಲ್ಲ. ರಾತ್ರಿ ಹನ್ನೆರಡರವರೆಗೆ ಇಂಥ ವಿಡಿಯೋ ನೋಡೋರಲ್ಲಿ ನಾನೂ ಒಬ್ಬ. ಈ ಜನರ ಕಿವಿ ಎಷ್ಟು ಸೂಕ್ಷ್ಮ ಅನ್ನೋದಕ್ಕೆ ಒಂದೇ ಉದಾಹರಣೆ ಸಾಕು. ಟೋಕಿಯೋದ ಕೇಕ್ಯೂ ಕಂಪನಿ 1998ರಲ್ಲಿ ತಂದ ರೈಲುಗಳಲ್ಲಿ ಸೀಮೆನ್ಸ್ ಇನ್ವರ್ಟರ್ ಇತ್ತು. ಇನ್ವರ್ಟರ್ ಮೋಟರಿಗೆ ವಿದ್ಯುತ್ತನ್ನ ತುಂಡುತುಂಡಾಗಿ ಕೊಡುತ್ತೆ, ಹಾಗೆ ಕೊಡುವಾಗ ಒಂದು ಸದ್ದು ಹುಟ್ಟುತ್ತೆ. ಆ ಸದ್ದನ್ನೇ ಎಂಜಿನಿಯರುಗಳು ಸ್ವರಶ್ರೇಣಿಗೆ ಹೊಂದಿಸಿಬಿಟ್ಟಿದ್ದರು. ರೈಲು ಹೊರಟರೆ ಯಾರೋ ಹಾರ್ಮೋನಿಯಂ ಮೇಲೆ ಸ್ವರ ಏರಿಸಿದ ಹಾಗೆ. ಜನ ಅದನ್ನ 'ದೊ-ರೆ-ಮಿ-ಫಾ' ಅಂತ ಕರೆದರು. 2021ರಲ್ಲಿ ಹಾಗೆ ಹಾಡೋ ಕೊನೇ ರೈಲಿನ ಇನ್ವರ್ಟರೂ ಬದಲಾಯ್ತು. ಲಕ್ಷಾಂತರ ಜನ ದಿನಾ ಕೇಳಿಯೂ ಕೇಳದಂತಿದ್ದ ಸದ್ದನ್ನ ದಾಖಲೆ ಮಾಡಿಟ್ಟಿದ್ದು ಈ ಹುಚ್ಚರೇ.

ಹೀಗಾಗಿ ನನ್ನ ತಕರಾರು ಅವರ ಗಮನದ ಬಗ್ಗೆ ಅಲ್ಲ. ಆ ಗಮನ ಎಲ್ಲಿ ಬಂದು ನಿಂತುಬಿಡುತ್ತೆ ಅನ್ನೋದರ ಬಗ್ಗೆ. ಇದಕ್ಕೆ ಮುಂಬಯಿ ಲೋಕಲ್‌ಗಿಂತ ಒಳ್ಳೇ ಉದಾಹರಣೆ ಸಿಗಲ್ಲ.

ಭಾರತದ ಮೊದಲ ವಿದ್ಯುತ್ ರೈಲು ಓಡಿದ್ದು 1925ರ ಫೆಬ್ರವರಿ 3ರಂದು, ಬಾಂಬೆ ವಿ.ಟಿ.ಯಿಂದ ಕುರ್ಲಾಕ್ಕೆ. 1500 ವೋಲ್ಟ್ ಡಿ.ಸಿ. ವಿದ್ಯುತ್. ಆಮೇಲೆ ದೇಶದ ಬೇರೆ ಕಡೆಯೆಲ್ಲ 25 ಸಾವಿರ ವೋಲ್ಟ್ ಎ.ಸಿ. ಬಂದರೂ ಮುಂಬಯಿ ಹಳೇ ಡಿ.ಸಿ.ಯಲ್ಲೇ ದಶಕಗಟ್ಟಲೆ ಓಡಿತು. ವೆಸ್ಟರ್ನ್ ಲೈನ್ 2012ರಲ್ಲಿ ಪೂರ್ತಿ ಬದಲಾಯ್ತು. ಹಾರ್ಬರ್ ಲೈನಿನಲ್ಲಿ ಕೊನೇ ಡಿ.ಸಿ. ಲೋಕಲ್ ಓಡಿದ್ದು 2016ರ ಏಪ್ರಿಲ್ 9ರ ರಾತ್ರಿ. 91 ವರ್ಷದ ಕತೆ ಹಾಗೆ ಮುಗೀತು.

ಆ ಹಳೇ ಡಿ.ಸಿ. ರೇಕುಗಳ ಬಗ್ಗೆ ಅಭಿಮಾನಿಗಳು ಬರೆದಿದ್ದನ್ನ ಓದಿ ನೋಡಿ. ಹೊರಡುವಾಗಿನ ಗುರುಗುಟ್ಟುವಿಕೆ, ಹಳದಿ-ಕಂದು ಬಣ್ಣ, ರೇಕಿನ ನಂಬರು, ಯಾವ ಡಬ್ಬಿ ಪೆರಂಬೂರಿನದು, ಯಾವುದು ಕಲ್ಕತ್ತೆಯ ಜೆಸ್ಸಪ್‌ನದು, ಎಲ್ಲ ಇರುತ್ತೆ. ಜೊತೆಗೆ ಒಂದು ಸಾಲು ಗ್ಯಾರಂಟಿ: "ತೆರೆದ ಬಾಗಿಲಲ್ಲಿ ನಿಂತು ಮುಖಕ್ಕೆ ಗಾಳಿ ಬಡಿಸಿಕೊಳ್ಳುವ ಸುಖ ಹೊಸ ಎ.ಸಿ. ಲೋಕಲ್‌ನಲ್ಲಿ ಎಲ್ಲಿ?"

ಈ ಸಾಲಿನ ಹತ್ತಿರ ನಾನು ನಿಂತುಬಿಡ್ತೀನಿ.

ಬಾಗಿಲಲ್ಲಿ ಗಾಳಿ ಸಿಗೋದು ಮಧ್ಯಾಹ್ನ ಎರಡು ಗಂಟೆಗೆ. ಬೆಳಗ್ಗೆ ಎಂಟೂವರೆಗೆ ಅಲ್ಲಿ ಸಿಗೋದು ಒಂದು ಕಾಲಿಡೋಕೆ ಜಾಗ, ಹಿಡಿಯೋಕೆ ಒಂದು ಕಂಬಿ, ಅಷ್ಟೆ. ಮುಂಬಯಿ ಲೋಕಲ್‌ಗೆ ಅಂತಲೇ ರೈಲ್ವೆಯವರು ಒಂದು ಪದ ಬಳಸ್ತಾರೆ, 'ಸೂಪರ್ ಡೆನ್ಸ್ ಕ್ರಶ್ ಲೋಡ್'. ಒಂದು ಚದರ ಮೀಟರಿನಲ್ಲಿ 14ರಿಂದ 16 ಜನ. ನಿಮ್ಮ ಆಫೀಸಿನ ಮೇಜಿನಷ್ಟು ಜಾಗದಲ್ಲಿ ಇಡೀ ಟೀಮು ನಿಂತ ಹಾಗೆ. 2023ನೇ ಒಂದೇ ವರ್ಷದಲ್ಲಿ ಮುಂಬಯಿ ಉಪನಗರ ರೈಲು ಮಾರ್ಗಗಳಲ್ಲಿ ಸತ್ತವರು ಎರಡೂವರೆ ಸಾವಿರಕ್ಕೂ ಹೆಚ್ಚು. ದಿನಕ್ಕೆ ಸರಾಸರಿ ಏಳು. ಹಳಿ ದಾಟುವಾಗ ಸತ್ತವರದ್ದೇ ದೊಡ್ಡ ಪಾಲು, ಓಡುವ ರೈಲಿನಿಂದ ಬಿದ್ದವರದ್ದೂ ಸಣ್ಣದಲ್ಲ. 2025ರ ಜೂನ್ 9ರ ಬೆಳಗ್ಗೆ ಮುಂಬ್ರಾ ಹತ್ತಿರದ ತಿರುವಿನಲ್ಲಿ ಎರಡು ಲೋಕಲ್ ಅಕ್ಕಪಕ್ಕ ಹಾಯುವಾಗ ಬಾಗಿಲಲ್ಲಿ ನೇತಾಡ್ತಿದ್ದವರು ಹಳಿಗೆ ಬಿದ್ದರು. ಕನಿಷ್ಠ ನಾಲ್ವರು ಸತ್ತರು. ಮೋಟರಿನ ಸದ್ದು ಕೇಳಿಯೇ ರೇಕಿನ ವಯಸ್ಸು ಹೇಳಬಲ್ಲ ಕಿವಿಗೆ, ಅದೇ ರೇಕಿನ ಬಾಗಿಲು ಬರೀ ಗಾಳಿ ಬರೋ ಜಾಗವಾಗಿ ಉಳಿದರೆ ಹೇಗೆ?

"ನಾವು ಯಂತ್ರ ಪ್ರೇಮಿಗಳು ಗುರೂ, ಸಮಾಜಸೇವೆ ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ" ಅಂತ ಅನ್ನಬಹುದು. ಒಪ್ಪೋಣ, ಬರೀ ಯಂತ್ರದ ಮಾತೇ ಆಡೋಣ. ಬಾಗಿಲೂ ಯಂತ್ರವೇ ತಾನೆ? ಲೋಕಲ್ ರೈಲಿನಲ್ಲಿ ಅದಕ್ಕಿಂತ ಕಷ್ಟದ ಯಂತ್ರ ಇಲ್ಲ. ಮುಂಬಯಿಯಲ್ಲಿ ಮೂರ್ನಾಲ್ಕು ನಿಮಿಷಕ್ಕೊಂದು ರೈಲು. ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲೋದು ಅರ್ಧ ನಿಮಿಷವೂ ಇಲ್ಲ. ಬಾಗಿಲು ಮುಚ್ಚೋಕೆ ಕೆಲವು ಸೆಕೆಂಡ್ ಹೆಚ್ಚು ಹಿಡಿದರೂ ಆ ತಡ ಪ್ರತೀ ಸ್ಟೇಷನ್ನಿನಲ್ಲಿ ಸೇರುತ್ತಾ ಹಿಂದಿನ ರೈಲಿಗೂ ತಾಗುತ್ತೆ. ಇನ್ನು ಅಷ್ಟು ಜನರನ್ನ ಒಳಗಿಟ್ಟು ಬಾಗಿಲು ಮುಚ್ಚಿದರೆ ಉಸಿರಾಡೋಕೆ ಗಾಳಿ ಬೇಕು. 2007ರಲ್ಲಿ ಬಂದ ಬಿಳಿ-ನೇರಳೆ ಬಣ್ಣದ ಸೀಮೆನ್ಸ್ ರೇಕುಗಳಲ್ಲಿ ಛಾವಣಿ ಮೇಲಿಂದ ಗಾಳಿ ನೂಕುವ ವ್ಯವಸ್ಥೆ ಇಟ್ಟಿದ್ದೇ ಜನಸಂದಣಿ ಬಿಡೋ ಉಸಿರಿನ ಲೆಕ್ಕ ಹಾಕಿ. ಅಭಿಮಾನಿಗಳು ಆ ರೇಕಿನಲ್ಲಿ ಮೆಚ್ಚಿದ್ದು ಇನ್ವರ್ಟರಿನ ಸದ್ದು ಮತ್ತು ಬ್ರೇಕ್ ಹಾಕಿದಾಗ ವಿದ್ಯುತ್ತನ್ನ ತಂತಿಗೇ ವಾಪಸ್ ಕೊಡುವ ಜಾಣತನ. ಎರಡೂ ಮೆಚ್ಚಬೇಕಾದ್ದೇ. ಆದರೆ ಅದರ ನಿಜವಾದ ಹೊಸತನ ತಲೆ ಮೇಲಿತ್ತು, ಯಾರೂ ಕತ್ತೆತ್ತಿ ನೋಡಲಿಲ್ಲ.

ಹೊಸ ರೈಲಿನ ಸಂಭ್ರಮಕ್ಕೂ ಇದೇ ಮಾತು ಅನ್ವಯಿಸುತ್ತೆ. ಮುಂಬಯಿಯ ಮೊದಲ ಎ.ಸಿ. ಲೋಕಲ್ ಓಡಿದ್ದು 2017ರ ಡಿಸೆಂಬರ್ 25ರಂದು. ತಾನಾಗೇ ಮುಚ್ಚುವ ಬಾಗಿಲು, ತಂಪು ಗಾಳಿ. ಒಳ್ಳೇ ರೈಲು. ಆದರೆ ಬೆಳಗ್ಗೆ ಸಂಜೆ ಹಳಿ ಮೇಲೆ ಸೂಜಿ ಹಾಕೋಕೂ ಜಾಗ ಇಲ್ಲದ ಊರಲ್ಲಿ ಹೊಸ ರೈಲು ಅಂದ್ರೆ ಇನ್ನೊಂದು ರೈಲು ಸೇರಿತು ಅಂತ ಅಲ್ಲ, ಒಂದನ್ನ ತೆಗೆದು ಇನ್ನೊಂದನ್ನ ಹಾಕಿದರು ಅಂತ. 2022ರ ಮೇ ತಿಂಗಳಲ್ಲಿ ಎ.ಸಿ. ಲೋಕಲ್ ಟಿಕೆಟ್ ದರವನ್ನ ಅರ್ಧದಷ್ಟು ಇಳಿಸಿದರೂ ಸಾಮಾನ್ಯ ಸೆಕೆಂಡ್ ಕ್ಲಾಸಿಗಿಂತ ಅದು ಎಷ್ಟೋ ಪಟ್ಟು ದುಬಾರಿಯೇ. ಅದೇ ವರ್ಷ ಆಗಸ್ಟಿನಲ್ಲಿ ಕಲ್ವಾ, ಬದ್ಲಾಪುರದ ಜನ ಹಳಿಗಿಳಿದು ಪ್ರತಿಭಟಿಸಿದ್ದು ಎ.ಸಿ. ಬೇಡ ಅಂತಲ್ಲ, ನಮ್ಮ ಮಾಮೂಲಿ ಲೋಕಲ್ ಯಾಕೆ ಕಿತ್ಕೊಂಡ್ರಿ ಅಂತ. ಸೆಂಟ್ರಲ್ ರೈಲ್ವೆ ಹತ್ತು ಎ.ಸಿ. ಸರ್ವಿಸ್ ವಾಪಸ್ ತಗೋಬೇಕಾಯ್ತು. ಹೊಸ ರೇಕಿನ ಮೊದಲ ಓಟದ ವಿಡಿಯೋಗಳಲ್ಲಿ ಸೀಟಿನ ಬಣ್ಣ, ಡಿಸ್‌ಪ್ಲೇ, ಬಾಗಿಲಿನ ಬೀಪ್ ಎಲ್ಲ ಇರುತ್ತೆ. ಅದು ಯಾರ 8:33ರ ಲೋಕಲ್ ಜಾಗದಲ್ಲಿ ಓಡ್ತಿದೆ ಅನ್ನೋದು ಮಾತ್ರ ಇರಲ್ಲ.

ಹೊಸದು, ಹಳೇದು ಅನ್ನೋದೇ ನೋಡುವವರ ಮೇಲೆ ನಿಂತಿದೆ ಅನ್ನೋದಕ್ಕೆ ಜಕಾರ್ತಾ ಸಾಕ್ಷಿ. ಅಲ್ಲೂ ಜಪಾನಿನ ಲೋಕಲ್‌ಗಳ ಹಾಗೆ ಹಳಿಯ ಅಗಲ 1067 ಮಿ.ಮೀ., ವಿದ್ಯುತ್ 1500 ವೋಲ್ಟ್ ಡಿ.ಸಿ. ಹಾಗಾಗಿ 2000ನೇ ಇಸವಿಯಲ್ಲಿ ಟೋಕಿಯೋದಿಂದ 72 ಹಳೇ ಡಬ್ಬಿಗಳು ಹಡಗು ಹತ್ತಿ ಜಕಾರ್ತಾಕ್ಕೆ ಬಂದವು. ಆಮೇಲೆ ನೂರಾರು ಬಂದವು. ಟೋಕಿಯೋ ಪ್ಲಾಟ್‌ಫಾರ್ಮಿನಲ್ಲಿ ಕಣ್ಣೀರಿಟ್ಟು ಬೀಳ್ಕೊಟ್ಟ ರೈಲನ್ನ ಮತ್ತೆ ಹತ್ತೋಕೆ ಜಪಾನಿ ಅಭಿಮಾನಿಗಳು ವಿಮಾನದಲ್ಲಿ ಜಕಾರ್ತಾಕ್ಕೆ ಬರ್ತಾರೆ. ಚೆಂದದ ಕತೆ. ಆದರೆ ಜಕಾರ್ತಾದವರ ಕತೆ ಇದಕ್ಕಿಂತ ದೊಡ್ಡದು. ಅಲ್ಲಿ ಜನ ರೈಲಿನ ಛಾವಣಿ ಮೇಲೆ ಕೂತು ಓಡಾಡ್ತಿದ್ದರು. ಅವರನ್ನ ಇಳಿಸೋಕೆ 2012ರಲ್ಲಿ ಹಳಿಗಳ ಮೇಲೆ ಕಾಂಕ್ರೀಟ್ ಗುಂಡುಗಳನ್ನ ತೂಗುಹಾಕಿದ್ದರು, ತಲೆಗೆ ಬಡಿಯಲಿ ಅಂತ! 2013ರಲ್ಲಿ ಎ.ಸಿ. ಇಲ್ಲದ, ಬಾಗಿಲು ಮುಚ್ಚದ ಎಕಾನಮಿ ಲೋಕಲ್‌ಗಳನ್ನ ನಿಲ್ಲಿಸಿ, ಎಲ್ಲರಿಗೂ ಒಂದೇ ದರ್ಜೆಯ ಎ.ಸಿ. ರೈಲು ಮಾಡಿದರು. ಆ ಬದಲಾವಣೆಗೆ ಹೆಗಲು ಕೊಟ್ಟಿದ್ದು ಟೋಕಿಯೋ ಬೇಡ ಅಂದ ರೈಲುಗಳೇ. ಒಂದು ಊರು ಅಂತ್ಯಕ್ರಿಯೆ ಮಾಡಿದ ರೈಲು ಇನ್ನೊಂದು ಊರಲ್ಲಿ ಜನರನ್ನ ಛಾವಣಿಯಿಂದ ಇಳಿಸಿ ಒಳಗೆ ಕೂರಿಸಿತು.

ಇನ್ನು ನಿವೃತ್ತ ರೈಲುಗಳನ್ನ ಉಳಿಸೋ ವಿಚಾರ. ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ 1899ರ ಮಹಾರಾಣಿ ಸಲೂನ್ ಇದೆ. ಅಡುಗೆಮನೆ, ಊಟದ ಜಾಗ, ಸ್ನಾನದ ಮನೆ ಎಲ್ಲ ಇರೋ ಡಬ್ಬಿ. ನೋಡಬೇಕಾದ್ದೇ. ಆದರೆ ನಮ್ಮ ಮ್ಯೂಸಿಯಂಗಳಿಗೆ ಉಗಿ ಎಂಜಿನ್ನು, ರಾಜರ ಸಲೂನು ಕಂಡಷ್ಟು ಸುಲಭವಾಗಿ ಲೋಕಲ್‌ನ ಸೆಕೆಂಡ್ ಕ್ಲಾಸ್ ಡಬ್ಬಿ ಕಾಣಲ್ಲ. ಕರಾವಳಿಯಿಂದ ಮುಂಬಯಿಗೆ ಹೋದ ನಮ್ಮ ಹೋಟೆಲ್ ಹುಡುಗರು, ಹಗಲೆಲ್ಲ ದುಡಿದು ಕನ್ನಡ ರಾತ್ರಿಶಾಲೆಗೆ ಹೋದವರು, ಓಡಾಡಿದ್ದು ಇಂಥ ಡಬ್ಬಿಗಳಲ್ಲೇ. ಮೂರು ಜನರ ಸೀಟಿನ ಅಂಚಲ್ಲಿ ಅರ್ಧ ಕುಂಡೆ ಊರಿ ಕೂರೋ 'ನಾಲ್ಕನೇ ಸೀಟು', "ನೀವೆಲ್ಲಿ ಇಳೀತೀರಿ?" ಅಂತ ಕೇಳಿ ಸೀಟು ಕಾಯ್ದಿರಿಸೋ ಪದ್ಧತಿ, ತಾಳ ಹಿಡಿದು ಹಾಡೋ ಭಜನೆ ಗುಂಪು, ಇದೆಲ್ಲ ರೇಕಿನ ನಂಬರಿನಲ್ಲಿ ಸಿಗಲ್ಲ. ಅಭಿಮಾನಿಗಳು ಮೋಟರಿನ ಸದ್ದು ರೆಕಾರ್ಡ್ ಮಾಡುವಾಗ "ಪ್ರಯಾಣಿಕರ ಗಲಾಟೆ ಇಲ್ಲದ ಕ್ಲೀನ್ ಆಡಿಯೋ" ಅಂತ ಹೆಮ್ಮೆಯಿಂದ ಹಾಕ್ತಾರೆ. ನನಗೆ ಬೇಕಿರೋದು ಆ ಗಲಾಟೆ ಇರೋ ಆಡಿಯೋ.

ಸಾಫ್ಟ್‌ವೇರಿನವರಿಗೆ ಈ ರೋಗ ಪರಿಚಿತ. ರಿಲೀಸ್ ದಿನ ಕೇಕು, ಹಳೇ ಸಿಸ್ಟಮ್ ಆಫ್ ಮಾಡೋ ದಿನ ಭಾವುಕ ಈಮೇಲು. ನಡುವೆ ಹತ್ತು ವರ್ಷ ರಾತ್ರಿ ಎರಡು ಗಂಟೆಗೆ ಎದ್ದು ಅದನ್ನ ನಡೆಸಿದ ಸಪೋರ್ಟ್ ಟೀಮಿನವರ ಹೆಸರು ಯಾರಿಗೂ ಗೊತ್ತಿರಲ್ಲ.

ಆದರೆ ಎಣಿಸೋ ಹುಚ್ಚು ಸರಿಯಾದ ಕಡೆ ತಿರುಗಿದರೆ ಎಷ್ಟು ಉಪಯೋಗ ಅಂತ ಬೆಂಗಳೂರಲ್ಲೇ ನೋಡಿದ್ವಿ. ಆರ್.ವಿ. ರೋಡಿನಿಂದ ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾದಾಗ ಇದ್ದಿದ್ದು ಮೂರೇ ರೈಲು, ಅಂತರ 25 ನಿಮಿಷ. ಚಾಲಕನಿಲ್ಲದೆ ಓಡಬಲ್ಲ ರೈಲು ಅಂತ ಮೊದಲ ದಿನ ಎಲ್ಲರೂ ಸೆಲ್ಫಿ ತಗೊಂಡರು. ಆದರೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗೋರಿಗೆ ಮುಖ್ಯವಾಗಿದ್ದು ಮುಂದಿನ ರೇಕ್ ಯಾವಾಗ ಬರುತ್ತೆ ಅನ್ನೋದು. ನಾಲ್ಕನೇದು ಓಡಿದಾಗ ಅಂತರ 19 ನಿಮಿಷ ಆಯ್ತು, ಐದನೇದಕ್ಕೆ 15. ಕಾರ್ಖಾನೆಯಿಂದ ಒಂದೊಂದು ಡಬ್ಬಿ ಟ್ರೈಲರ್ ಮೇಲೆ ಹೊರಟಾಗಲೂ ಲೆಕ್ಕ ಇಟ್ಟವರು, ಎಲ್ಲಿಗೆ ಬಂತು ಅಂತ ಕೇಳ್ತಾ ಇದ್ದವರು ಕಮ್ಮಿ ಇರಲಿಲ್ಲ. ಅಲ್ಲಿ ರೇಕಿನ ನಂಬರೂ ಪ್ಲಾಟ್‌ಫಾರ್ಮಿನಲ್ಲಿ ಕಾಯೋನ ಕಷ್ಟವೂ ಒಂದೇ ಲೆಕ್ಕ ಆಗಿತ್ತು.

ಮುಂಬ್ರಾ ನಂತರ ರೈಲ್ವೆ ಇಲಾಖೆ ಒಂದು ಮಾತು ಹೇಳಿದೆ. ಮುಂಬಯಿಗೆ ಇನ್ನು ಬರೋ ಎ.ಸಿ. ಇಲ್ಲದ ಲೋಕಲ್‌ಗಳಲ್ಲೂ ಬಾಗಿಲು ತಾನಾಗೇ ಮುಚ್ಚುತ್ತೆ, ಬಾಗಿಲಲ್ಲಿ ಗಾಳಿಯಾಡೋ ಪಟ್ಟಿಗಳಿರುತ್ತೆ, ಛಾವಣಿ ಮೇಲೆ ಗಾಳಿ ನೂಕೋ ಯಂತ್ರ ಇರುತ್ತೆ, ಡಬ್ಬಿಯಿಂದ ಡಬ್ಬಿಗೆ ದಾಟೋಕೆ ದಾರಿ ಇರುತ್ತೆ ಅಂತ. ಇದನ್ನ ಪರೀಕ್ಷೆ ಮಾಡೋಕೆ ರೈಲು ಹುಚ್ಚರಿಗಿಂತ ಯೋಗ್ಯರು ಯಾರಿದ್ದಾರೆ? ಸ್ಟಾಪ್‌ವಾಚ್ ಅವರ ಹತ್ರ ಇದೆ, ಹತ್ತು ವರ್ಷದ ಟೈಮ್‌ಟೇಬಲ್ ಅವರಿಗೆ ಬಾಯಿಪಾಠ, ಯಂತ್ರ ಅರ್ಥವಾಗುತ್ತೆ. ಆ ರೇಕಿನ ಮೊದಲ ಓಟಕ್ಕೆ ಹಾರ ತಗೊಂಡು ಹೋಗಲಿ, ತಪ್ಪೇನಿಲ್ಲ. ಒಂದು ತಿಂಗಳು ಬಿಟ್ಟು ಮಂಗಳವಾರ ಬೆಳಗ್ಗೆ ಎಂಟೂವರೆಗೆ ಠಾಣೆಯಲ್ಲಿ ಇನ್ನೊಂದು ಸಲ ಹತ್ತಲಿ. ಬಾಗಿಲು ಎಷ್ಟು ಸೆಕೆಂಡಿಗೆ ಮುಚ್ತು, ಒಳಗೆ ಉಸಿರಾಡೋಕಾಯ್ತಾ, ಎಷ್ಟು ಜನ ಪ್ಲಾಟ್‌ಫಾರ್ಮಿನಲ್ಲೇ ಉಳಿದ್ರು, ಅದನ್ನ ಬರೀಲಿ. ಆ ವಿಡಿಯೋಗೆ ಮೊದಲ ಲೈಕ್ ನಂದು.