ತಂಪು ಹಂಚಿನದಲ್ಲ

ಹಂಚಿನ ಮನೆಯ ಪರ ವಾದಿಸುವವರು ಮೂರು ಮಾತುಗಳನ್ನು ತಪ್ಪದೆ ಹೇಳುತ್ತಾರೆ. ಅದು ತಂಪು, ಅದು ನಮ್ಮ ಪರಂಪರೆ, ಅದು ಪರಿಸರಸ್ನೇಹಿ. ನಾನೂ ಹಂಚಿನ ಪರವೇ. ಆದರೂ ಈ ಮೂರರಲ್ಲಿ ಒಂದನ್ನೂ ಹೇಳಿದ ಹಾಗೆಯೇ ಒಪ್ಪಲಾರೆ. ತಾರಸಿಯ ಮುಂದೆ ಹಂಚು ಸೋಲುತ್ತಿರುವುದಕ್ಕೆ ಅದನ್ನು ತಪ್ಪು ಕಾರಣಕ್ಕೆ ಹೊಗಳುತ್ತ ಬಂದದ್ದೂ ಒಂದು ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ತಂಪಿನ ಮಾತು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ ಇದಕ್ಕೆ ಸರಿಯಾದ ಒರೆಗಲ್ಲು. ಒಂದು ಮಗ್ಗುಲಿಗೆ ಭದ್ರಾ ಅಭಯಾರಣ್ಯದ ಕಾಡು, ಇನ್ನೊಂದು ಮಗ್ಗುಲಿಗೆ ತರೀಕೆರೆಯ ಬಯಲು. ಆಷಾಢದ ಮಳೆಯೂ ಇದೆ, ಏಪ್ರಿಲ್ಲಿನ ಉರಿಬಿಸಿಲೂ ಇದೆ. ಅಟ್ಟವಿಲ್ಲದ, ತಗ್ಗು ಮಾಡಿನ ಹಂಚಿನ ಕೋಣೆಯಲ್ಲಿ ಮಟಮಟ ಮಧ್ಯಾಹ್ನ ಕುಳಿತವರಿಗೆ ಗೊತ್ತು, ಅಲ್ಲಿ ತಂಪೇನೂ ಇರುವುದಿಲ್ಲ. ಹಂಚು ತೆಳು, ಬೇಗ ಕಾಯುತ್ತದೆ, ಕಾದದ್ದನ್ನು ನೇರ ತಲೆಯ ಮೇಲೆ ಇಳಿಸುತ್ತದೆ. ಅಷ್ಟೇ ಬೇಗ ಆರುತ್ತದೆ ಎಂಬುದು ನಿಜವಾದ ಅನುಕೂಲ. ತಾರಸಿ ಹಗಲಿನ ಬಿಸಿಲನ್ನು ಒಳಗಿಟ್ಟುಕೊಂಡು ರಾತ್ರಿ ಮಲಗುವ ಹೊತ್ತಿಗೆ ಬಿಟ್ಟುಕೊಡುತ್ತದೆ. ಹಂಚು ಕತ್ತಲಾಗುವಷ್ಟರಲ್ಲಿ ಆರಿರುತ್ತದೆ. ಹಗಲಿನ ತಂಪು ಮಾತ್ರ ಬೇರೆ ಕಡೆಯಿಂದ ಬರುತ್ತದೆ. ಅದು ಮರದ ಹಲಗೆ ಹಾಸಿದ ಅಟ್ಟದ್ದು, ಎತ್ತರದ ಮಾಡಿನದು, ಗೋಡೆಗೆ ಬಿಸಿಲು ತಾಗದಂತೆ ಇಳಿದ ಸೂರಿನದು, ಹಂಚುಗಳ ಸಂದಿನಿಂದ ಬಿಸಿಗಾಳಿ ಮೇಲೆದ್ದು ಹೋಗುವ ದಾರಿಯದು. ಹಂಚು ಈ ಮೇಳದ ಒಂದು ವಾದ್ಯ ಮಾತ್ರ.

ಇದು ಸೂಕ್ಷ್ಮ ತರ್ಕಕ್ಕಾಗಿ ಎತ್ತಿದ ತಕರಾರಲ್ಲ. ಈಗ ಇಳಿಜಾರು ತಾರಸಿ ಹಾಕಿ, ಅದರ ಮೇಲೆ ಸಿಮೆಂಟಿನಲ್ಲಿ ಹಂಚು ಅಂಟಿಸಿ ‘ಮಲೆನಾಡು ಶೈಲಿ’ ಎನ್ನುತ್ತಾರೆ. ಗಾಳಿಯ ದಾರಿ ಮುಚ್ಚಿತು, ಅಟ್ಟ ಹೋಯಿತು, ಒಡೆದ ಹಂಚನ್ನು ಎತ್ತಿ ಬದಲಿಸುವಂತೆಯೂ ಇಲ್ಲ. ಹಂಚಿನಲ್ಲೇ ತಂಪಿದೆ ಎಂಬ ನಂಬಿಕೆಗೆ ತೆತ್ತ ಬೆಲೆ ಇದು.

ಪರಂಪರೆಯ ವಾದ ಇನ್ನೂ ದುರ್ಬಲ. ನಾವು ಮಂಗಳೂರು ಹಂಚು ಎನ್ನುವುದು ಕಾರ್ಖಾನೆಯ ಸರಕು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಅದು ಘಟ್ಟ ಹತ್ತಿತು. ಅದಕ್ಕೂ ಮುಂಚೆ ಮಲೆನಾಡಿನಲ್ಲಿ ಇದ್ದದ್ದು ಹುಲ್ಲು, ಅಡಿಕೆ ಸೋಗೆ, ಕುಂಬಾರರ ನಾಡಹಂಚು. ಒಂದಕ್ಕೊಂದು ಕಚ್ಚಿ ಕೂರುವ ಮಂಗಳೂರು ಹಂಚನ್ನು ನಮ್ಮ ಹಿರಿಯರು ಹೊಸ ತಂತ್ರಜ್ಞಾನವೆಂದೇ, ಲಾಭ ಕಂಡೇ ಒಪ್ಪಿಕೊಂಡರು. ಪರಿಸರದ ಮಾತಿಗೂ ಒಂದು ಮಿತಿ ಬೇಕು. ಹಂಚಿಗೆ ನದಿಬಯಲಿನ, ಗದ್ದೆಯ ಜೇಡಿ ಬೇಕು, ಸುಡಲು ಗೂಡಿನ ತುಂಬ ಉರುವಲು ಬೇಕು, ಹೊರಲು ಮರ ಬೇಕು. ತೇಗದ ಕಾಡಿನ ಅಂಚಿನಲ್ಲಿರುವ ಲಕ್ಕವಳ್ಳಿಯಲ್ಲಿ ನಿಂತು ಆ ಮರವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅದು ಪ್ರಾಮಾಣಿಕ ವಾದವಲ್ಲ.

ಹಾಗಾದರೆ ಹಂಚಿನ ಪರ ನಾನು ನಿಲ್ಲುವುದು ಏಕೆ? ಅದು ಹಗುರ, ಮತ್ತು ಬಿಡಿಬಿಡಿ. ಒಂದು ಹಂಚು ಎರಡರಿಂದ ಮೂರು ಕಿಲೋ. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಹಿಡಿದರೂ ತೂಕ 40 ಕಿಲೋ ಆಸುಪಾಸು. ನಾಲ್ಕಿಂಚಿನ ತಾರಸಿ ಅಷ್ಟೇ ಜಾಗಕ್ಕೆ ಸುಮಾರು 250 ಕಿಲೋ. ಮಣ್ಣಿನ ಗೋಡೆ ಹಂಚಿನ ಮಾಡನ್ನು ತಲೆಮಾರುಗಳ ಕಾಲ ಹೊತ್ತದ್ದು ಇದರಿಂದ. ಸೋರಿದರೆ ಸೋರುವ ಹಂಚು ಯಾವುದೆಂದು ಒಳಗಿನಿಂದಲೇ ಕಾಣುತ್ತದೆ. ಒಂದನ್ನು ಬದಲಿಸಿದರೆ ಮುಗಿಯಿತು. ತಾರಸಿಯಲ್ಲಿ ನೀರು ಇಳಿದದ್ದೊಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ. ಇನ್ನು, ಹಂಚು, ಪಕಾಸು, ರೀಪು ಎಲ್ಲವನ್ನೂ ಬಿಚ್ಚಿ ಬೇರೆಡೆ ಕಟ್ಟಬಹುದು. ಭದ್ರಾ ಅಣೆಕಟ್ಟಿನ ಹಿನ್ನೀರಿಗೆ ಹಳ್ಳಿಗಳನ್ನು ಬಿಟ್ಟುಕೊಟ್ಟ ಸೀಮೆ ಇದು. 2002ರ ಹೊತ್ತಿಗೆ ಅಭಯಾರಣ್ಯದೊಳಗಿನ ಊರುಗಳ ಜನ ಇದೇ ತಾಲ್ಲೂಕಿನ ಎಂ.ಸಿ. ಹಳ್ಳಿಗೆ ಬಂದು ನೆಲೆಸಿದರು. ಬಿಚ್ಚಿ ಒಯ್ಯಬಹುದಾದ ಮಾಡಿಗೂ ಒಡೆದೇ ಹಾಕಬೇಕಾದ ಮಾಡಿಗೂ ಇರುವ ಅಂತರ ಇಲ್ಲಿ ಪುಸ್ತಕದ ಮಾತಲ್ಲ.

ತಾರಸಿಯವರ ಉತ್ತರ ನನಗೆ ಗೊತ್ತು: ಕೋತಿ ಹಾರಿ ಹಂಚು ಒಡೆಯುತ್ತದೆ, ಪಕಾಸಿಗೆ ಗೆದ್ದಲು ಹತ್ತುತ್ತದೆ, ಮುಂಗಾರಿಗೆ ಮುಂಚೆ ಹಂಚು ಕೈಯಾಡಿಸಲು ಆಳು ಸಿಗುವುದಿಲ್ಲ, ಅಡಿಕೆ ಒಣಗಿಸಲು ಮೇಲೆ ಜಾಗವಿಲ್ಲ. ಎಲ್ಲವೂ ನಿಜ. ಮಾಡು ಹತ್ತುವ ವಯಸ್ಸು ದಾಟಿದ ಇಬ್ಬರೇ ಇರುವ ಮನೆಗೆ ಈ ತೊಂದರೆ ಸಣ್ಣದಲ್ಲ. ಅಂಥವರು ತಾರಸಿ ಆರಿಸಿಕೊಂಡರೆ ಅದನ್ನು ಪ್ರತಿಷ್ಠೆಯ ಗೀಳು ಎಂದು ಜರೆಯುವುದು ಅನ್ಯಾಯ. ಆದರೆ ಈ ಪಟ್ಟಿಯಲ್ಲಿರುವ ದೊಡ್ಡ ದೂರು ಹಂಚಿನ ಮೇಲಲ್ಲ, ಹಂಚು ಬಲ್ಲ ಕೈಗಳು ಇಲ್ಲವಾದದ್ದರ ಮೇಲೆ. ಆ ಕೆಲಸಕ್ಕೆ ಒಳ್ಳೆಯ ಕೂಲಿ ಕೊಡದೆ, ಹುಡುಗರಿಗೆ ಕಲಿಸದೆ, ಹಂಚಿನ ಗುಣಗಾನ ಮಾಡಿದ್ದರಿಂದ ಯಾರ ಮನೆಯ ಸೋರಿಕೆಯೂ ನಿಂತಿಲ್ಲ.

ಹೊಸ ಮನೆ ಕಟ್ಟುವವರಲ್ಲಿ ನನ್ನ ಕೋರಿಕೆ ಇಷ್ಟೇ. ಹಂಚು ಹೊದಿಸುವುದಾದರೆ ಅಟ್ಟಕ್ಕೂ ಅಗಲವಾದ ಸೂರಿಗೂ ಮೊದಲೇ ಹಣ ತೆಗೆದಿಡಿ, ವರ್ಷಕ್ಕೊಮ್ಮೆ ಕೈಯಾಡಿಸುವ ಖರ್ಚನ್ನೂ ಲೆಕ್ಕದಲ್ಲಿ ಸೇರಿಸಿ. ಅದಾಗದಿದ್ದರೆ ತಾರಸಿಯನ್ನೇ ಹಾಕಿ. ಅದರ ಮೇಲೆ ಹಂಚು ಮಾತ್ರ ಅಂಟಿಸಬೇಡಿ.