ಗಾಜಿನ ಪೆಟ್ಟಿಗೆಯೂ ಗೋಡೆಯ ಹಲ್ಲಿಯೂ

ಚಿತ್ರವೊಂದು ಚೆನ್ನಾಗಿದೆಯೆಂದು ಹೇಳುವ ಮುನ್ನ ಅದರಲ್ಲಿರುವ ಜೀವಿ ಚೆನ್ನಾಗಿದೆಯೆ ಎಂದು ಕೇಳುವ ರೂಢಿ ನಮ್ಮಲ್ಲಿ ಕಡಮೆ. ಮನೆಯಲ್ಲಿ ಸಾಕಿದ ಸರೀಸೃಪಗಳ ಛಾಯಾಚಿತ್ರಗಳನ್ನು ನೋಡುವಾಗ ಮಾತ್ರ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ದೂರದ ಊರುಗಳಲ್ಲಿ ತೆಗೆದ ಇಂಥ ಚಿತ್ರಗಳು ಮೊಬೈಲಿನ ಮೂಲಕ ವಿಜಯಪುರದ ಪಡಸಾಲೆಗಳಿಗೂ ಬಂದು ಮುಟ್ಟುತ್ತವೆ. ನಮ್ಮ ಹುಡುಗರು ಬೆರಗಾಗಿ ತಂದು ತೋರಿಸುತ್ತಾರೆ. ನನ್ನ ಮೆಚ್ಚುಗೆಯನ್ನೂ ನಿರೀಕ್ಷಿಸುತ್ತಾರೆ.

ಮೆಚ್ಚುವುದಕ್ಕೆ ಏನೂ ಇಲ್ಲವೆಂದಲ್ಲ. ಕಪ್ಪು ಬಟ್ಟೆಯ ಮೇಲೆ ಸುರುಳಿ ಸುತ್ತಿದ ಆಫ್ರಿಕದ ಹೆಬ್ಬಾವಿನ ಒಂದೊಂದು ಹುರುಪೆಯೂ ಎಣಿಸುವಷ್ಟು ಸ್ಪಷ್ಟ. ಬೆಳಕು ಹದವಾಗಿದೆ, ಬಣ್ಣ ನಿಜವಾಗಿದೆ. ಆದರೆ ಅಂಥದೊಂದು ಚಿತ್ರದ ಕೆಳಗೆ ‘ನೀಲಿಗಣ್ಣಿನ ಚೆಲುವೆ’ ಎಂದು ಬರೆದಿತ್ತು. ಆ ನೀಲಿ ಚೆಲುವಿನದಲ್ಲ. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೊಂದು ಪಾರದರ್ಶಕ ಪೊರೆಯಿದೆ. ಪೊರೆ ಬಿಡುವ ಕೆಲವು ದಿನ ಮೊದಲು ಅದು ಹಾಲುನೀಲಿಯಾಗಿ ಮಸುಕಾಗುತ್ತದೆ. ಆಗ ಹಾವಿಗೆ ಸರಿಯಾಗಿ ಕಾಣದು. ಯಾರೂ ಮುಟ್ಟದೆ ಇದ್ದರೆ ಸಾಕೆಂದು ಅದು ಮೂಲೆ ಸೇರುವ ಕಾಲ ಅದು. ಆ ಹೊತ್ತಿನಲ್ಲಿ ಹೊರಗೆಳೆದು ದೀಪದ ಮುಂದಿಟ್ಟ ಚಿತ್ರ ಇದು. ಇನ್ನೊಂದರಲ್ಲಿ ಟೊಪ್ಪಿಗೆ ಹಾಕಿಸಿಕೊಂಡ ಇಗ್ವಾನಾ ಬಾಯಿ ತೆರೆದು ‘ನಗುತ್ತಿದೆ’. ಓತಿಯ ಜಾತಿಯವು ಬಾಯಿ ತೆರೆಯುವುದು ಸೆಕೆ ತಾಳದಾಗ, ಇಲ್ಲವೆ ಹೆದರಿ ಹೆದರಿಸುವಾಗ. ಪ್ರಾಣಿ ಕದಲದಿರಲೆಂದು ಮೊದಲು ಶೀತಕ ಪೆಟ್ಟಿಗೆಯಲ್ಲಿಟ್ಟು ಮರಗಟ್ಟಿಸುವವರೂ ಇದ್ದಾರೆ! ತನ್ನ ಮೈಯ ಬಿಸಿಗೆ ಹೊರಗಿನ ಬಿಸಿಯನ್ನೇ ನಂಬಿದ ಜೀವಿಗೆ ಇದು ಎಂಥ ಹಿಂಸೆಯೆಂದು ಬಿಡಿಸಿ ಹೇಳಬೇಕಾಗಿಲ್ಲ. ಚಿತ್ರ ಮಾತ್ರ ಅಲುಗಾಡದೆ ಬರುತ್ತದೆ.

ಕಾನೂನಿನ ಮಾತನ್ನೂ ಆಡಿಬಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಮ್ಮ ನಾಡಿನ ನಕ್ಷತ್ರ ಆಮೆ, ಉಡ, ಹೆಬ್ಬಾವುಗಳನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. 2019ರಲ್ಲಿ ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವ್ಯಾಪಾರವನ್ನೂ ತಡೆಯಲಾಯಿತು. ಇಗ್ವಾನಾದಂಥ ಹೊರದೇಶದವನ್ನು ಸಾಕುವವರು 2024ರ ನಿಯಮಗಳಂತೆ ಸರಕಾರದಲ್ಲಿ ನೋಂದಾಯಿಸಬೇಕು. ರಂಗೋಲಿಯ ನಡುವೆ ನಕ್ಷತ್ರ ಆಮೆಯನ್ನು ಕೂರಿಸಿ ದೀಪ ಹಚ್ಚಿ ಚಿತ್ರ ತೆಗೆದ ಮಹನೀಯರು ತಮ್ಮ ಮೇಲಿನ ಸಾಕ್ಷ್ಯವನ್ನು ತಾವೇ ಅಂದವಾಗಿ ಒದಗಿಸಿದ್ದಾರೆ.

ಕಲ್ಲುನಾಗರಕ್ಕೂ ಜೀವಂತ ನಾಗರಕ್ಕೂ ಜನರು ತೋರುವ ನಡತೆಯ ಭೇದವನ್ನು ಇದೇ ಜಿಲ್ಲೆಯ ಬಸವಣ್ಣನವರು ವಚನವೊಂದರಲ್ಲಿ ಎತ್ತಿ ಆಡಿದ್ದುಂಟು. ಈಗ ಮೂರನೆಯ ನಾಗರವೊಂದು ಹುಟ್ಟಿದೆ: ಪರದೆಯ ಮೇಲಿನದು. ಅದಕ್ಕೆ ಹಾಲಿನ ಬದಲು ಹೊಗಳಿಕೆ. ಪಂಚಮಿಯಲ್ಲಿ ಮಣ್ಣಿನ ನಾಗಪ್ಪನಿಗೆ ಹಾಲೆರೆಯುವ ನಮ್ಮ ಹೆಣ್ಣುಮಕ್ಕಳೇ ಈ ವಿಷಯದಲ್ಲಿ ಹೆಚ್ಚು ರಸಿಕರೆಂದು ನನಗೆ ತೋರುತ್ತದೆ. ರೂಪ ಸಾಕು, ಪ್ರಾಣಿಯನ್ನು ಹಿಡಿದು ತರಬೇಕಿಲ್ಲ.

ಕನ್ನಡದಲ್ಲಿ ಈ ಪ್ರಶ್ನೆಯನ್ನು ಎಲ್ಲರಿಗಿಂತ ಚೆನ್ನಾಗಿ ಕಂಡವರು ಪೂರ್ಣಚಂದ್ರ ತೇಜಸ್ವಿಯವರು. ತಾವೂ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದವರು. 1980ರ ‘ಕರ್ವಾಲೊ’ ಕಾದಂಬರಿಯನ್ನು ಹಾರುವ ಓತಿಯ ಹುಡುಕಾಟವೆಂದು ಓದುತ್ತೇವೆ. ಅದರಲ್ಲಿ ಪ್ರಭಾಕರನೆಂಬ ಛಾಯಾಗ್ರಾಹಕನೂ ಇದ್ದಾನೆಂಬುದು ಬಹಳ ಮಂದಿಯ ಲಕ್ಷ್ಯಕ್ಕೆ ಬಂದಂತಿಲ್ಲ. ಕೊನೆಗೆ ಆ ಓತಿ ಯಾರ ಕೈಗೂ ಸಿಕ್ಕದೆ ಕಣಿವೆಯ ಮೇಲೆ ತೇಲಿ ಹೋಗುತ್ತದೆ. ಹಿಡಿದು ಪೆಟ್ಟಿಗೆಯಲ್ಲಿಟ್ಟಿದ್ದರೆ ಪ್ರಭಾಕರನಿಗೆ ಸ್ಪಷ್ಟವಾದ ಚಿತ್ರಗಳು ದೊರೆಯುತ್ತಿದ್ದವು, ನಿಜ. ಆದರೆ ಕಾದಂಬರಿ ನಮಗೆ ಕಾಣಿಸುವ ಆ ಹಾರಾಟ ಒಂದರಲ್ಲಿಯೂ ಇರುತ್ತಿರಲಿಲ್ಲ.

ಹಾಗಾದರೆ ಮನೆಯಲ್ಲಿ ಕುಳಿತವನು ಏನನ್ನು ತೆಗೆಯಬೇಕು? ನನ್ನ ಬಳಿ ಎರಡು ಚಿತ್ರಗಳಿವೆ. ಬಬಲೇಶ್ವರದ ಕಡೆಯ ತೋಟದ ಮನೆಯೊಂದರ ಅಂಗಳದಲ್ಲಿ ತೆಗೆದದ್ದು ಒಂದು. ಕರಿಕಲ್ಲಿನ ಮೇಲೆ ಗಂಡು ಓತಿಯೊಂದು ಗಂಟಲ ಬೀಸಣಿಗೆ ಬಿಚ್ಚಿದೆ; ನೀಲಿ, ಕಪ್ಪು, ಕಿತ್ತಳೆ. ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ಹೆಣ್ಣನ್ನು ಕರೆಯಲು ಅದು ಹೂಡುವ ಆಟವಿದು. ದಖನ್ನಿನ ಈ ಬಣ್ಣದ ಓತಿಗಳಿಗೆ 2016ರಲ್ಲಿ ವಿಜ್ಞಾನಿಗಳು ‘ಸರಡಾ’ ಎಂಬ ಹೊಸ ಕುಲವನ್ನೇ ಕಲ್ಪಿಸಿದರು. ಮರಾಠಿಯಲ್ಲಿ ಓತಿಗೆ ಇರುವ ಹೆಸರೇ ಅದು. ಚಿತ್ರದಲ್ಲಿ ಬಾಲ ಮಸುಕಾಗಿದೆ, ದಿಗಂತ ಓರೆಯಾಗಿದೆ. ತೆಗೆದವನು ಹೊಟ್ಟೆಯ ಮೇಲೆ ಮಲಗಿ ಓತಿಯ ಕಣ್ಣಿನ ಮಟ್ಟಕ್ಕೆ ಇಳಿದಿದ್ದಾನೆ. ಮೇಲಿನಿಂದ ನೋಡಿದರೆ ಗೇಣುದ್ದದ ಹುಳುವಿನಂತೆ ಕಾಣುವುದು ಇಲ್ಲಿ ಕಲ್ಲಿನ ಒಡೆಯನಾಗಿದೆ.

ಇನ್ನೊಂದು ಟಿಕೋಟದ್ದು, ಸಾಧಾರಣ ಮೊಬೈಲಿನಲ್ಲಿ ತೆಗೆದದ್ದು. ಕಿಟಕಿಯ ಗಾಜಿನ ಹೊರಮೈಗೆ ಅಂಟಿದ ಮನೆಹಲ್ಲಿ. ನಮಗೆ ಕಾಣುವುದು ಅದರ ಹೊಟ್ಟೆ ಮತ್ತು ಅಂಗಾಲು. ಬೆರಳಡಿಯ ಮಡಿಕೆಗಳು ಸಾಲುಸಾಲಾಗಿ ಕಾಣುತ್ತವೆ. ಅಲ್ಲಿ ಅಂಟು ಯಾವುದೂ ಇಲ್ಲ. ಬರಿಗಣ್ಣಿಗೆ ಕಾಣದ ಲಕ್ಷಾಂತರ ನವಿರುಗಳು ಗಾಜನ್ನು ಹಿಡಿದಿವೆ. ಒಳಗಿನ ದೀಪದ ಬೆಳಕು ತೆಳ್ಳನೆಯ ಚರ್ಮದೊಳಕ್ಕೆ ಇಳಿದು, ಹೊಟ್ಟೆಯಲ್ಲಿರುವ ಎರಡು ಮೊಟ್ಟೆಗಳ ನೆರಳು ತೋರಿದೆ. ಎಷ್ಟು ಸಾವಿರ ರೂಪಾಯಿಯ ಇಗ್ವಾನಾ ತಂದರೂ ಇದನ್ನು ತೋರಿಸಲಾರದು. ನಾವು ಶಕುನ ಕೇಳಿ ಮರೆತುಬಿಡುವ ಜೀವಿ, ಬಾಡಿಗೆ ಕೊಡದೆ, ಬಿಟ್ಟು ಹೋಗದೆ, ನಮ್ಮೊಡನೆಯೇ ಇರುತ್ತ ಬಂದಿದೆ. ಆ ಹುಡುಗ ಅದನ್ನು ಮೊದಲ ಸಲ ನೋಡಿದಂತೆ ನೋಡಿದ್ದಾನೆ.

ಚಿತ್ರದ ಎಡಬದಿಯಲ್ಲಿ, ಗಾಜಿನ ಒಳಗಡೆ ತೂಗುಹಾಕಿದ ಕ್ಯಾಲೆಂಡರಿನ ಅಂಚೊಂದು ನುಸುಳಿದೆ. ಕತ್ತರಿಸಿ ತೆಗೆದರೆ ಚೊಕ್ಕಟವಾಗುತ್ತದೆಂದು ನೋಡಿದವರೆಲ್ಲ ಹೇಳಿದರು. ನಾನು ಬೇಡವೆಂದೆ. ಹಲ್ಲಿಯ ಮುಖ ತಿರುಗಿರುವುದೇ ಆ ಕಡೆಗೆ. ಕ್ಯಾಲೆಂಡರಿನ ಅಂಚಿನಲ್ಲಿ ದೀಪದ ಹುಳವೊಂದು ಕುಳಿತಿದೆ.