ಚಿತ್ರಗೀತೆ ಮತ್ತು ಸ್ಮೃತಿಕಥನ: ಕಡಕೊಳ ಪರಿಸರವನ್ನು ಮುಂದಿಟ್ಟುಕೊಂಡು ಒಂದು ವಿಮರ್ಶೆ

ಹಳ್ಳಿಗಾಡಿನ ಹಿರಿಯರು ಕಾಲವನ್ನು ಇಸವಿಗಳಲ್ಲಿ ಎಣಿಸುವುದು ಕಡಿಮೆ. ಪ್ಲೇಗು ಬಂದ ವರ್ಷ, ಕೆರೆ ಕೋಡಿ ಬಿದ್ದ ವರ್ಷ, ದೊಡ್ಡ ಬರದ ವರ್ಷ ಎಂದು ಘಟನೆಗಳ ಮೂಲಕವೇ ಅವರು ಬದುಕನ್ನು ಗುರುತು ಹಾಕಿಕೊಳ್ಳುತ್ತಾರೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸಾಲಿಗೆ ಮತ್ತೊಂದು ಗುರುತು ಸೇರಿತು. ‘ಆ ಸಿನಿಮಾ ಬಂದಿದ್ದಾಗ ಮಗ ಹುಟ್ಟಿದ’, ‘ಆ ಹಾಡು ಹಾಕಿದ್ದ ಮದುವೆಯಲ್ಲಿ ಮಳೆ ಬಂತು’ ಎಂಬ ಬಗೆಯ ಮಾತುಗಳು ಜನರ ನಿತ್ಯದ ನುಡಿಗಟ್ಟಾದವು. ಇಷ್ಟು ವ್ಯಾಪಕವಾದ ಈ ಮೌಖಿಕ ಸಾಮಗ್ರಿಯನ್ನು ಕನ್ನಡ ಜಾನಪದ ಅಧ್ಯಯನ ಯಾವ ದೃಷ್ಟಿಯಿಂದ ನೋಡಿದೆ, ಅಥವಾ ಏಕೆ ನೋಡಿಲ್ಲ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಹಲಸಂಗಿ ಗೆಳೆಯರ ‘ಗರತಿಯ ಹಾಡು’ ಪ್ರಕಟವಾದದ್ದು 1931ರಲ್ಲಿ. ಕನ್ನಡದ ಮೊದಲ ವಾಕ್ಚಿತ್ರವಾಗಿ ‘ಸತಿ ಸುಲೋಚನ’ ತೆರೆಕಂಡದ್ದು 1934ರಲ್ಲಿ. ಜನಪದ ಗೀತೆಗಳ ಸಂಗ್ರಹಕಾರ್ಯ ಮತ್ತು ಚಿತ್ರಗೀತೆ ಹೀಗೆ ಹೆಚ್ಚು ಕಡಿಮೆ ಸಮಕಾಲೀನವಾಗಿಯೇ ಬೆಳೆದವು. ಆದರೂ ಸಂಗ್ರಾಹಕರಿಗೆ ಎರಡನೆಯದು ಮೊದಲನೆಯದರ ಶತ್ರುವಾಗಿ ಕಂಡಿತು. ಸೋಬಾನೆಯಲ್ಲಿ ಸಿನಿಮಾ ಧಾಟಿ ಕೇಳಿಬಂದರೆ ಅದನ್ನು ಕಲಬೆರಕೆಯೆಂದು ಬದಿಗಿರಿಸುವುದು ಕ್ಷೇತ್ರಕಾರ್ಯದ ಅಲಿಖಿತ ನಿಯಮವಾಯಿತು. ಈ ನಿಲುವು ಐತಿಹಾಸಿಕವಾಗಿ ಒಪ್ಪತಕ್ಕದ್ದಲ್ಲ. ಒಂದು ಹಾಡಿನ ಮಟ್ಟಿಗೆ ಇನ್ನೊಂದು ಹಾಡನ್ನು ಕಟ್ಟುವ ಪದ್ಧತಿ ಸಿನಿಮಾಕ್ಕಿಂತ ಹಳೆಯದು. ಭಜನೆಯ ಮೇಳಗಳೂ ವೃತ್ತಿ ನಾಟಕದ ಕಂಪನಿಗಳೂ ಅದನ್ನು ಯಾವ ಸಂಕೋಚವೂ ಇಲ್ಲದೆ ಅನುಸರಿಸಿದ್ದವು. ಸಿನಿಮಾ ಆ ಕೊಡುಕೊಳ್ಳುವಿಕೆಯ ವೇಗವನ್ನು ಹೆಚ್ಚಿಸಿತೇ ಹೊರತು ಅದನ್ನು ಹೊಸದಾಗಿ ಆರಂಭಿಸಲಿಲ್ಲ.

ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿರುವ ಕಡಕೊಳ ಈ ಚರ್ಚೆಗೆ ತಕ್ಕ ನೆಲೆಯಾಗಿದೆ. ಒಂದು ಕಡೆ ನಂಜುಂಡೇಶ್ವರನ ಜಾತ್ರೆಯ ಹಾದಿ, ಅದರಾಚೆಗೆ ಮಲೆ ಮಹದೇಶ್ವರ ಮತ್ತು ಮಂಟೇಸ್ವಾಮಿ ಕಾವ್ಯಗಳನ್ನು ಹಾಡುವ ಕಂಸಾಳೆಯವರ, ನೀಲಗಾರರ ಸೀಮೆ. ಇನ್ನೊಂದು ಕಡೆ ಮೈಸೂರು ನಗರ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ ಊರು ಅದು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದೊಂದಿಗೆ ಪ್ರಸಿದ್ಧಿಗೆ ಬಂದಿತು. ಪ್ರೀಮಿಯರ್ ಸ್ಟುಡಿಯೋ ಇದ್ದದ್ದೂ ಅಲ್ಲಿಯೇ. 1989ರ ಫೆಬ್ರವರಿಯಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದ ವೇಳೆ ಹೊತ್ತಿಕೊಂಡ ಬೆಂಕಿ ಹಲವರನ್ನು ಬಲಿ ತೆಗೆದುಕೊಂಡ ಮೇಲೆ ಆ ಹೆಸರು ಹಾಡುಗಳೊಂದಿಗೆ ಮಾತ್ರವಲ್ಲ, ಸಾವಿನೊಂದಿಗೂ ನೆನಪಿನಲ್ಲಿ ಉಳಿಯಿತು. ಹೀಗೆ ಮೌಖಿಕ ಮಹಾಕಾವ್ಯ, ಬಾನುಲಿ, ಚಿತ್ರೋದ್ಯಮ ಈ ಮೂರೂ ಒಂದು ಹಗಲಿನ ಪ್ರಯಾಣದ ಅಂತರದಲ್ಲಿದ್ದ ಪರಿಸರ ಇದು.

ಸ್ಮೃತಿಯ ಸ್ವರೂಪವನ್ನು ನಿರ್ಧರಿಸುವುದು ಹಾಡು ಮಾತ್ರವಲ್ಲ, ಅದು ಕಿವಿಗೆ ಬಿದ್ದ ಬಗೆಯೂ ಹೌದು. ಟೂರಿಂಗ್ ಟಾಕೀಸಿನ ಕಾಲದಲ್ಲಿ ಆಟ ಶುರುವಾಗುವ ಸೂಚನೆಯಾಗಿ ಡೇರೆಯ ಮೇಲಿನ ಧ್ವನಿವರ್ಧಕದಿಂದ ಭಕ್ತಿಗೀತೆ ಹೊರಡುತ್ತಿತ್ತು. ಘಂಟಸಾಲರ ವೆಂಕಟೇಶ ಸ್ತುತಿಯನ್ನು ನಾಡಿನ ಅನೇಕ ಕಡೆ ಜನ ಇಂದಿಗೂ ಸಿನಿಮಾದ ಕರೆಗಂಟೆಯಾಗಿಯೇ ನೆನೆಯುತ್ತಾರೆ. ಆ ಕರೆ ಹೊಲದಲ್ಲಿದ್ದವರಿಗೂ ಅಡುಗೆಮನೆಯಲ್ಲಿದ್ದವರಿಗೂ ಒಂದೇ ಹೊತ್ತಿಗೆ ತಲುಪುತ್ತಿದ್ದುದರಿಂದ ಅದರ ನೆನಪು ಊರೊಟ್ಟಿನದು. 1957ರಲ್ಲಿ ವಿವಿಧ ಭಾರತಿ ಆರಂಭವಾದ ಮೇಲೆ ಬೆಳೆದ ಕೋರಿಕೆಯ ಕಾರ್ಯಕ್ರಮಗಳಲ್ಲಿ ಹಾಡಿಗಿಂತ ಮೊದಲು ಕೇಳುಗರ ಹೆಸರು, ಊರಿನ ಹೆಸರು ಕೇಳಿಬರುತ್ತಿದ್ದವು. ಭೂಪಟದಲ್ಲಿ ಹುಡುಕಿದರೂ ಸಿಗದ ಹಳ್ಳಿಯೊಂದು ಬಾನುಲಿಯಲ್ಲಿ ಉಚ್ಚರಿತವಾಗುವುದು ಸಣ್ಣ ಸಂಗತಿಯಲ್ಲ. ಕ್ಯಾಸೆಟ್ಟು ಹಾಡನ್ನು ಮನೆಯ ಸ್ವತ್ತನ್ನಾಗಿಸಿತು. ಮೊಬೈಲು ಅದನ್ನು ಒಬ್ಬೊಬ್ಬರ ಕಿವಿಗೆ ಸೀಮಿತಗೊಳಿಸಿತು. ನೆನಪು ರೂಪುಗೊಳ್ಳುವುದು ಸಾಮಾಜಿಕ ಚೌಕಟ್ಟುಗಳ ಒಳಗೆ ಎಂದು ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರಿಸ್ ಹಾಲ್ಬ್‌ವಾಕ್ಸ್ 1925ರಲ್ಲಿಯೇ ವಾದಿಸಿದ್ದರು. ‘ನನ್ನ ಮೆಚ್ಚಿನ ಹಾಡು’ ಎಂಬ ತೀರ ವೈಯಕ್ತಿಕ ಮಾತಿನ ಹಿಂದೆಯೂ ಊರು, ಮನೆತನ, ಮಾಧ್ಯಮ ಇರುವುದನ್ನು ಈ ಬದಲಾವಣೆಗಳು ತೋರಿಸುತ್ತವೆ.

ಈ ದೃಷ್ಟಿಯಿಂದ ‘ಬಂಗಾರದ ಮನುಷ್ಯ’ ವಿಶೇಷ ಪರಿಶೀಲನೆಗೆ ಅರ್ಹವಾದದ್ದು. ಟಿ. ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ, ಜಿ. ಕೆ. ವೆಂಕಟೇಶ್ ಸಂಗೀತ ನೀಡಿದ ಈ ಚಿತ್ರ ತೆರೆಕಂಡದ್ದು 1972ರಲ್ಲಿ. ಇದನ್ನು ನೋಡಿ ಓದಿದ ಯುವಕರು ಪಟ್ಟಣ ಬಿಟ್ಟು ಬೇಸಾಯಕ್ಕೆ ಮರಳಿದರು ಎಂಬ ಮಾತು ಕರ್ನಾಟಕದಾದ್ಯಂತ ಪ್ರಚಲಿತವಾಗಿದೆ. ಎಷ್ಟು ಮಂದಿ ಮರಳಿದರೆಂದು ಲೆಕ್ಕ ಹಾಕಹೊರಡುವುದಕ್ಕಿಂತ ಈ ಮಾತನ್ನು ಒಂದು ಕಥನವೆಂದು ಓದುವುದು ಫಲಪ್ರದ. ಚಿತ್ರದ ಕೊನೆಯಲ್ಲಿ ನಾಯಕ ರಾಜೀವ ತಾನು ಬೆವರು ಸುರಿಸಿ ಕಟ್ಟಿದ ಊರಿನಲ್ಲಿ ಉಳಿಯುವುದಿಲ್ಲ. ತನ್ನವರ ಅನುಮಾನಕ್ಕೆ ಗುರಿಯಾಗಿ ಎಲ್ಲವನ್ನೂ ತೊರೆದು ಹೊರಟುಹೋಗುತ್ತಾನೆ. ಪ್ರಚಲಿತ ಕಥನದಲ್ಲಿ ಮರಳಿ ಬಂದದ್ದು ಉಳಿದಿದೆ, ತೊರೆದು ಹೋದದ್ದು ಅಳಿದಿದೆ.

ಇಂತಹ ಅಳಿಸುವಿಕೆಯನ್ನು ಮರೆವೆಂದು ತಳ್ಳಿಹಾಕಲಾಗದು. ಇಟಲಿಯ ತೆರ್ನಿ ಪಟ್ಟಣದಲ್ಲಿ 1949ರಲ್ಲಿ ಪೊಲೀಸರಿಂದ ಹತನಾದ ಕಾರ್ಮಿಕ ಲೂಯಿಜಿ ತ್ರಾಸ್ತುಲ್ಲಿಯ ಸಾವನ್ನು ಅಲ್ಲಿಯ ಅನೇಕರು 1953ರ ಕಾರ್ಖಾನೆ ವಜಾ ವಿರೋಧಿ ಹೋರಾಟಕ್ಕೆ ಸೇರಿಸಿ ನೆನೆಯುತ್ತಿದ್ದುದನ್ನು ಅಲೆಸ್ಸಾಂದ್ರೊ ಪೋರ್ತೆಲ್ಲಿ ಗುರುತಿಸಿದರು. ಆ ತಪ್ಪು ಇಸವಿಯೇ ಸಮುದಾಯದ ಅರ್ಥಕಲ್ಪನೆಗೆ ಸಾಕ್ಷಿಯೆಂಬುದು ಅವರ ನಿಲುವು. ನಮ್ಮಲ್ಲಿಯೂ ‘ಬಂಗಾರದ ಮನುಷ್ಯ’ ಬಂದ ಎರಡು ವರ್ಷಗಳೊಳಗೆ, 1974ರ ಮಾರ್ಚ್ 1ರಂದು ಭೂಸುಧಾರಣಾ ತಿದ್ದುಪಡಿ ಕಾಯಿದೆ ಜಾರಿಗೆ ಬಂದಿತು. ಅದರ ರೂವಾರಿ ದೇವರಾಜ ಅರಸು ಮೈಸೂರು ಜಿಲ್ಲೆಯವರೇ. ಚಿತ್ರದಲ್ಲಿ ಭೂಮಿಯ ಒಡೆತನದ ಪ್ರಶ್ನೆಗಿಂತ ದುಡಿಮೆಯ ಛಲ ಮುಖ್ಯ. ಕಾಯಿದೆಯಲ್ಲಿ ಒಡೆತನದ ಪ್ರಶ್ನೆಯೇ ಮುಖ್ಯ. ಇವೆರಡೂ ಗೇಣಿದಾರ ಕುಟುಂಬವೊಂದರ ಸ್ಮೃತಿಯಲ್ಲಿ ಒಂದೇ ಹಾಡಿನ ಸುತ್ತ ಹೆಣೆದುಕೊಂಡಿದ್ದರೆ, ಆ ಹೆಣಿಗೆಯನ್ನು ಬಿಡಿಸುವ ಬದಲು ತಿದ್ದಲು ಹೊರಡುವ ಸಂಶೋಧಕ ಸಾಮಗ್ರಿಯನ್ನೇ ಕಳೆದುಕೊಳ್ಳುತ್ತಾನೆ. ಕಡಕೊಳದಲ್ಲಿ ಇದಕ್ಕೆ ಮತ್ತೊಂದು ಪದರವಿದೆ. ಅಲ್ಲಿ ಕೈಗಾರಿಕಾ ಪ್ರದೇಶ ಬೆಳೆದಿದೆ, ಊರು ಪಟ್ಟಣ ಪಂಚಾಯಿತಿಯಾಗಿದೆ. ಉಳುಮೆಯನ್ನು ಕೊಂಡಾಡಿದ ಚಿತ್ರದ ಹಾಡು ಇಂದು ಕಾರ್ಖಾನೆಯ ಪಾಳಿಗೆ ಹೋಗುವವನ ಮೊಬೈಲಿನಲ್ಲಿ ಕೇಳಿಬಂದಾಗ ಅದು ಆದರ್ಶದ ಹಾಡಾಗಿ ಉಳಿಯುತ್ತದೆಯೋ, ಕಳೆದ ಹೊಲದ ಗುರುತಾಗುತ್ತದೆಯೋ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಹಾಡಿನ ಚಲನೆ ಏಕಮುಖವಾದದ್ದಲ್ಲ. ಪಿ. ಬಿ. ಧುತ್ತರಗಿಯವರ ನಾಟಕ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಚಿತ್ರವಾಯಿತು, ಬಹುಕಾಲ ಪಿ. ಬಿ. ಶ್ರೀನಿವಾಸರ ಕಂಠದಲ್ಲಿ ಹಾಡಿದ್ದ ರಾಜಕುಮಾರ್ ಅದರಲ್ಲಿ ಎಮ್ಮೆಯ ಮೇಲೆ ಕುಳಿತು ತಮ್ಮ ದನಿಯಲ್ಲೇ ಹಾಡಿದರು. ಟಿ. ಎಸ್. ನಾಗಾಭರಣರ ‘ಜನುಮದ ಜೋಡಿ’ (1996) ಚಿತ್ರದಲ್ಲಿ ಎಲ್. ಎನ್. ಶಾಸ್ತ್ರಿಯವರು ಹಾಡಿದ ಜಂಗಮನನ್ನು ಕುರಿತ ಗೀತೆ ಈ ಸೀಮೆಯ ಕಿವಿಗೆ ಹೊಸತಾಗಿರಲಿಲ್ಲ. ಮೇಳದಿಂದ ತೆರೆಗೆ ಹೋದ ಹಾಡು ತೆರೆಯಿಂದ ಮತ್ತೆ ಜಾತ್ರೆಗೆ ಬರುತ್ತದೆ. ಆಗ ಮಕ್ಕಳು ಅದನ್ನು ಸಿನಿಮಾದ ಹಾಡೆಂದೂ ಅಜ್ಜಂದಿರು ದೇವರ ಹಾಡೆಂದೂ ಗುರುತಿಸುವ ಸಂದರ್ಭ ಒದಗುತ್ತದೆ. ಇಬ್ಬರ ಮಾತೂ ಅವರವರ ಸ್ಮೃತಿಯ ಮಟ್ಟಿಗೆ ನಿಜ. ಆದರೆ ಒಂದು ಅಸಮಾನತೆ ಉಳಿಯುತ್ತದೆ. ಧ್ವನಿಮುದ್ರಿಕೆಯ ಮೇಲೆ ಗಾಯಕರ, ಸಂಗೀತ ನಿರ್ದೇಶಕರ ಹೆಸರು ನಮೂದಾಗುತ್ತದೆ. ತಲೆಮಾರುಗಳಿಂದ ಹಾಡನ್ನು ಕಾಯ್ದು ತಂದ ಮೇಳದ ಹೆಸರು ಸಾಮಾನ್ಯವಾಗಿ ನಮೂದಾಗುವುದಿಲ್ಲ. ಸ್ಮೃತಿಕಥನಗಳ ದಾಖಲಾತಿ ಆ ಹೆಸರುಗಳನ್ನು ಮರಳಿ ಪಡೆಯುವ ದಾರಿಯೂ ಆಗಬಲ್ಲದು.

ಇದೇ ಕಾರಣಕ್ಕೆ ಹಳೆಯ ಹಾಡುಗಳ ಬಗೆಗಿನ ಹಂಬಲವನ್ನು ಪ್ರಶ್ನಿಸದೆ ಒಪ್ಪುವಂತಿಲ್ಲ. ‘ಆ ಕಾಲ ಚೆನ್ನಾಗಿತ್ತು’ ಎಂಬ ಒಕ್ಕಣೆಯಲ್ಲಿ ಡೇರೆಯ ಒಳಗೆ ಕುಳಿತವರ ದನಿ ಇರುತ್ತದೆ, ಹೊರಗೆ ಉಳಿದವರ ದನಿ ಇರುವುದಿಲ್ಲ. ನೆಲ, ಬೆಂಚು, ಕುರ್ಚಿ ಎಂಬ ಟಿಕೆಟ್ಟಿನ ದರ್ಜೆಗಳು ಊರಿನ ಏರುತಗ್ಗುಗಳನ್ನು ಒಳಗೂ ತಂದವು. ಎರಡನೆಯ ಆಟಕ್ಕೆ ಗಂಡಸರು ಹೊರಟ ಮೇಲೆ ಮನೆಯಲ್ಲಿ ಉಳಿದ ಹೆಂಗಸಿಗೆ ಸಿನಿಮಾ ಎಂದರೆ ಗಾಳಿಯಲ್ಲಿ ತೇಲಿಬಂದ ಹಾಡು, ಮರುದಿನ ಇತರರು ಹೇಳಿದ ಕತೆ. ನೋಡದ ಸಿನಿಮಾದ ಈ ನೆನಪು ನೋಡಿದ ಸಿನಿಮಾದ ನೆನಪಿಗಿಂತ ಬಡವಾದದ್ದಲ್ಲ. ಕೇಳಿದಷ್ಟರಿಂದಲೇ ಉಳಿದದ್ದನ್ನು ಕಟ್ಟಿಕೊಂಡ ಆಕೆಯ ಕಥನದಲ್ಲಿ ಜನಪದ ಕತೆಗಾರ್ತಿಯ ಸೃಜನಶಕ್ತಿಯೇ ದುಡಿದಿರುತ್ತದೆ. ‘ನೀವು ನೋಡಿದ ಸಿನಿಮಾ ಯಾವುದು’ ಎಂದು ಆರಂಭವಾಗುವ ಪ್ರಶ್ನಾವಳಿ ಆಕೆಯನ್ನು ಮೊದಲ ಸಾಲಿನಲ್ಲಿಯೇ ಹೊರಗಿಡುತ್ತದೆ.

ಚಿತ್ರಗೀತೆಗಳು ನಾಶವಾಗುವ ಭಯವಿಲ್ಲ. ಅವುಗಳ ಧ್ವನಿಮುದ್ರಣಗಳು ಎಲ್ಲೆಡೆ ದೊರೆಯುತ್ತವೆ. ನಾಶವಾಗುತ್ತಿರುವುದು ಅವುಗಳಿಗೆ ಅಂಟಿಕೊಂಡ ಬದುಕಿನ ಮಾತು. 1950ರ ದಶಕದಲ್ಲಿ ಡೇರೆಯ ನೆಲದ ಮೇಲೆ ಕುಳಿತ ಮಕ್ಕಳಿಗೆ ಈಗ ಎಪ್ಪತ್ತು, ಎಂಬತ್ತು ದಾಟಿದೆ. ಗರತಿಯ ಹಾಡುಗಳನ್ನು ಬರೆದುಕೊಂಡ ತಲೆಮಾರು ಹಾಡಿದವಳ ಬದುಕನ್ನು ಹೆಚ್ಚಾಗಿ ಬರೆದುಕೊಳ್ಳಲಿಲ್ಲ. ಆದ್ದರಿಂದ ಎಷ್ಟೋ ತ್ರಿಪದಿಗಳು ನಮ್ಮಲ್ಲಿವೆ, ಹಾಡಿದವರು ಇಲ್ಲ. ಚಿತ್ರಗೀತೆಯ ವಿಷಯದಲ್ಲಿ ಅದೇ ಲೋಪ ಮರುಕಳಿಸದಂತೆ ನೋಡಿಕೊಳ್ಳಲು ಇನ್ನೂ ಕೆಲವು ವರ್ಷಗಳ ಅವಕಾಶವಿದೆ. ಹಾಡು ಯಾವುದೆಂಬುದರ ಜೊತೆಗೆ ಎಲ್ಲಿ ಕೇಳಿದ್ದು, ಯಾರೊಡನೆ ಕೇಳಿದ್ದು, ಆಗ ಕೈಯಲ್ಲಿದ್ದ ಕೆಲಸ ಯಾವುದು ಎಂಬುದನ್ನೂ ಬರೆದಿಟ್ಟುಕೊಳ್ಳುವುದರಿಂದ ಆ ಕೆಲಸ ಆರಂಭವಾಗಬೇಕಾಗಿದೆ.